ಆ್ಯಪ್ ಕೋರ್ಸಿಗೆ ಊರಿನ ಕೆಲಸ ಕೊಡಿ

ಮಾನ್ಯ ಸಂಪಾದಕರೇ,

ನಾನು ಕೊಡಗಿನ ಒಂದು ಸಮುದಾಯ ಕಾಲೇಜಿನಲ್ಲಿ ವೆಬ್ ಮತ್ತು ಮೊಬೈಲ್ ಆ್ಯಪ್ ಕಲಿಸುವ ಅತಿಥಿ ಉಪನ್ಯಾಸಕಿ. ಈ ಕೋರ್ಸಿನಲ್ಲಿ ಲ್ಯಾಬ್ ರೆಕಾರ್ಡ್ ಬರೆಸುವುದನ್ನು ಕೈಬಿಡಿ, ಅದಕ್ಕೆ ಇಟ್ಟ ಅಂಕವನ್ನು ಊರಿನವರು ನಿಜವಾಗಿ ಬಳಸುವ ಒಂದು ಕೆಲಸಕ್ಕೆ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಲ್ಯಾಬ್ ರೆಕಾರ್ಡ್ ನೋಡಿಲ್ಲದವರಿಗೆ ಎರಡು ಮಾತು. ಕಂಪ್ಯೂಟರಿನಲ್ಲಿ ಓಡಿದ ಪ್ರೋಗ್ರಾಂ ಅನ್ನು ಮತ್ತೆ ಪೆನ್ನಿನಲ್ಲಿ ಗೆರೆಹಾಳೆಯ ಮೇಲೆ ಇಳಿಸಬೇಕು. ಎದುರು ಪುಟದಲ್ಲಿ ಪೆನ್ಸಿಲಿನ ಫೋನ್, ಅದರೊಳಗೆ ಒಂದು ಬಟನ್, ಬಟನ್ ಮೇಲೆ ‘ಸಬ್‌ಮಿಟ್’. ಸ್ಕೇಲ್ ಇಟ್ಟು ನೀಟಾಗಿ ಎಳೆದವರಿಗೆ ಅಂಕ ಜಾಸ್ತಿ. ವರ್ಷ ವರ್ಷ ಅವೇ ಪ್ರೋಗ್ರಾಂಗಳು. ಸೀನಿಯರ್ ಬರೆದ ಪುಸ್ತಕ ಜೂನಿಯರ್ ಕೈಗೆ ಬರುತ್ತದೆ, ತಪ್ಪುಗಳ ಸಮೇತ. ಒಬ್ಬರು ಮುಚ್ಚಲು ಮರೆತ ಬ್ರಾಕೆಟ್ ಮುಂದಿನ ಮೂರು ಬ್ಯಾಚಿನಲ್ಲೂ ಮುಚ್ಚಿರುವುದಿಲ್ಲ. ಅದಕ್ಕೆಲ್ಲ ಸಹಿ ಹಾಕುವುದು ನನ್ನ ಕೆಲಸ.

ಇದರ ನಡುವೆ ನನ್ನ ವಿದ್ಯಾರ್ಥಿಯೊಬ್ಬ ಮಳೆ ಲೆಕ್ಕದ ಪುಟ ಮಾಡುತ್ತೇನೆ ಎಂದು ಹಟ ಹಿಡಿದ. ನಮ್ಮ ತೋಟದ ಮನೆಗಳ ಕಥೆ ನಿಮಗೆ ಗೊತ್ತೇ ಇದೆ. ಅಂಗಳದಲ್ಲಿ ಮಳೆಮಾಪಕ, ಒಳಗೆ ಒಂದು ಡೈರಿ. ಲೆಕ್ಕ ಮಿಲಿಮೀಟರಿನಲ್ಲಿ ಅಲ್ಲ, ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು ಅಂತ ನೋಡಿಕೊಂಡೇ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ತೀರ್ಮಾನ. ಹುಡುಗ ಆ ಡೈರಿಯನ್ನು ಫೋನಿಗೆ ತಂದ. ಬಳಸಿದ್ದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಂಬ ವೆಬ್ ಪುಟದ ಭಾಷೆಗಳು, ಅಷ್ಟೇ. ತಾರೀಕು, ಮಳೆ, ಒಂದು ಸೇವ್ ಬಟನ್, ಕೆಳಗೆ ಒಟ್ಟು ಮೊತ್ತ. ಲೆಕ್ಕ ಫೋನಿನೊಳಗೇ ಉಳಿಯುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಪುಟ ತೆರೆಯುತ್ತದೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಟವರ್ ಕೈಕೊಡುವ ಊರಿಗೆ ಅದು ಇರಲೇಬೇಕು ಅಲ್ವಾ?

ಮೊದಲ ತೊಂದರೆ ಮೊತ್ತದಲ್ಲೇ ಬಂತು. ಒಂದು ದಿನ 10 ಸೆಂಟ್, ಮರುದಿನ 20 ಸೆಂಟ್. ಅವನು ಎರಡನ್ನೂ ಇಂಚು ಮಾಡಿ 0.1ಕ್ಕೆ 0.2 ಕೂಡಿಸಿದ್ದ. ಪರದೆಯ ಮೇಲೆ ಬಂದದ್ದು 0.30000000000000004. ತರಗತಿಯೇ ನಕ್ಕಿತು. “ಮಿಸ್, ಕಂಪ್ಯೂಟರಿಗೇ ಕೂಡಿಸೋಕೆ ಬರಲ್ವಾ?” ಎಂದಳು ಹಿಂದಿನ ಬೆಂಚಿನವಳು. ಕಂಪ್ಯೂಟರ್ ಎಲ್ಲವನ್ನೂ ಸೊನ್ನೆ ಮತ್ತು ಒಂದರಲ್ಲಿ ಇಟ್ಟುಕೊಳ್ಳುತ್ತದೆ. ಹತ್ತರಲ್ಲಿ ಒಂದು ಪಾಲನ್ನು ಹಾಗೆ ಬರೆಯಲು ಹೋದರೆ ಅದು ಮುಗಿಯುವುದೇ ಇಲ್ಲ, ಎಲ್ಲೋ ಒಂದು ಕಡೆ ಕತ್ತರಿಸಬೇಕು. ಕತ್ತರಿಸಿದ ಕಡೆ ಉಳಿದ ಚೂರು ಈ ರೀತಿ ತಲೆ ಹಾಕುತ್ತದೆ. ಪರಿಹಾರ ಹಳೆಯ ಡೈರಿಯಲ್ಲೇ ಇತ್ತು. ಲೆಕ್ಕವನ್ನೆಲ್ಲ ಸೆಂಟಿನಲ್ಲೇ ಇಡು, ತೋರಿಸುವಾಗ ಮಾತ್ರ ನೂರರಿಂದ ಭಾಗಿಸು. ದುಡ್ಡಿನ ಆ್ಯಪ್ ಬರೆಯುವವರು ರೂಪಾಯಿ ಬಿಟ್ಟು ಪೈಸೆಯಲ್ಲಿ ಲೆಕ್ಕ ಇಡುವುದೂ ಇದಕ್ಕೇ. ಈ ಪಾಠ ಸಿಲೆಬಸ್ಸಿನಲ್ಲಿ ಒಂದು ಸಾಲಾಗಿ ಇದೆ. ಆ ಸಾಲನ್ನು ಓದಿ ಯಾರೂ ನಕ್ಕಿದ್ದು ನಾನು ನೋಡಿಲ್ಲ.

ಎರಡನೆಯದು ಇನ್ನೂ ಚೆನ್ನಾಗಿತ್ತು. ಪುಟವನ್ನು ಪಕ್ಕದ ತೋಟದ ಅಜ್ಜನಿಗೆ ಕೊಟ್ಟ. ಅವರು ಬೆಳಿಗ್ಗೆ ಐದಕ್ಕೇ ಎದ್ದು ಟಾರ್ಚ್ ಹಿಡಿದು ಮಳೆ ಅಳೆಯುವವರು. “ಏನು ಮಾರಾಯ, ನಿನ್ನ ಮೊಬೈಲಿನಲ್ಲಿ ಇವತ್ತು ಇನ್ನೂ ನಿನ್ನೆಯೇ ಇದೆಯಲ್ಲ!” ಹುಡುಗ ಎಂಟು ಗಂಟೆಗೆ ತೆರೆದು ನೋಡಿದರೆ ತಾರೀಕು ಸರಿ ಇದೆ. ಕಾಲೇಜಿನಲ್ಲೂ ಸರಿ ಇದೆ. ಕೊನೆಗೆ ಸಿಕ್ಕಿತು. ತಾರೀಕು ತೆಗೆಯಲು ಅವನು ಬಳಸಿದ್ದು ‘ಟುಐಎಸ್‌ಒಸ್ಟ್ರಿಂಗ್’ ಎಂಬ ಜಾವಾಸ್ಕ್ರಿಪ್ಟ್ ಫಂಕ್ಷನ್. ಅದು ಕೊಡುವುದು ಗ್ರೀನಿಚ್ ಲೆಕ್ಕದ ದಿನ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮಲ್ಲಿ ಬೆಳಿಗ್ಗೆ 5.30 ಆಗುವ ತನಕ ಅದಕ್ಕೆ ನಿನ್ನೆಯೇ. ಈ ಕೋಡ್ ಬಂದದ್ದು ಎಐ ಹತ್ತಿರ ಕೇಳಿ. ಎಐ ಬಳಸಬೇಡಿ ಎಂದು ನಾನು ಹೇಳುವವಳಲ್ಲ, ಸುಮ್ನೆ ಹೇಳಿ ಏನು ಪ್ರಯೋಜನ. ಆದರೆ ಐದು ಗಂಟೆಗೆ ಏಳುವ ಅಜ್ಜ ಇಲ್ಲದಿದ್ದರೆ ಈ ತಪ್ಪು ನಮ್ಮ ಲ್ಯಾಬಿನಲ್ಲಿ ಎಂದೂ ಕಾಣುತ್ತಿರಲಿಲ್ಲ. ಹತ್ತು ಗಂಟೆಗೆ ಮೊದಲು ಲ್ಯಾಬಿನ ಬೀಗವೇ ತೆಗೆಯುವುದಿಲ್ಲ.

ಅಜ್ಜ ಆಮೇಲೆ ಇನ್ನೊಂದು ಕೇಳಿದರು. ಹೋದ ವರ್ಷ ಇದೇ ದಿನ ಎಷ್ಟಿತ್ತು, ಅದನ್ನು ಪಕ್ಕದಲ್ಲಿ ತೋರಿಸು ಅಂತ. ತೋಟದವರ ಮಳೆ ಮಾತೆಲ್ಲ ಶುರುವಾಗುವುದೇ ಅಲ್ಲಿಂದ. ಹುಡುಗನ ಪುಟದಲ್ಲಿ ಬಣ್ಣಬಣ್ಣದ ಗ್ರಾಫ್ ಇತ್ತು, ಇದು ಇರಲಿಲ್ಲ. ಗ್ರಾಫ್ ತೆಗೆದು ಇದನ್ನು ಹಾಕಿದ. ಇಷ್ಟೆಲ್ಲ ಮಾಡಿದವನಿಗೆ ರೆಕಾರ್ಡ್ ಅರ್ಧ ಬರೆದಿದ್ದಕ್ಕೆ ಅಂಕ ಕಡಿತ. ಕಡಿತ ಮಾಡಿದ ಪಟ್ಟಿಯಲ್ಲಿ ನನ್ನದೇ ಸಹಿ ಇದೆ, ನಿಯಮ ಹಾಗಿದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2013ರಲ್ಲಿ ಸಮುದಾಯ ಕಾಲೇಜು ಯೋಜನೆ ತಂದಾಗ ಸ್ಥಳೀಯ ಉದ್ಯಮದ ಜೊತೆ ಸೇರಿ ಪಾಠ ನಡೆಸಬೇಕು ಎಂದಿತ್ತು. ನಮ್ಮಲ್ಲಿ ಅದರ ಅರ್ಥ ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಯಾರೋ ಬಂದು ಭಾಷಣ ಮಾಡಿ, ಸೆಲ್ಫಿ ತೆಗೆದು, ಸಂಜೆ ರಾಜಾಸೀಟ್ ನೋಡಿ ಹೋಗುವುದು. ಕೊಡಗಿನ ಉದ್ಯಮ ಅಂದರೆ ಕಾಫಿ, ಕರಿಮೆಣಸು, ಸಹಕಾರ ಸಂಘ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಹೋಂಸ್ಟೇ. ಹೋಂಸ್ಟೇ ಬುಕಿಂಗ್ ವೆಬ್‌ಸೈಟನ್ನು ಮಾತ್ರ ದಯವಿಟ್ಟು ಇನ್ನು ಸಾಕು ಮಾಡೋಣ, ಪ್ರತಿ ಬ್ಯಾಚಿನಲ್ಲಿ ಅರ್ಧ ಜನ ಅದನ್ನೇ ತರುತ್ತಾರೆ, ಎಲ್ಲದರಲ್ಲೂ ಅಬ್ಬಿ ಫಾಲ್ಸ್ ಫೋಟೊ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಒಬ್ಬಳು ಹುಡುಗಿ ಮಾಡಿದ್ದನ್ನು ನೋಡಬೇಕಿತ್ತು. ಅಮ್ಮ ದಿನಕ್ಕೆ ಎಷ್ಟು ಕೆ.ಜಿ. ಕಾಫಿ ಕುಯ್ದರು, ವಾರದ ಬಟವಾಡೆಗೆ ಎಷ್ಟು ಬರಬೇಕು. ಒಂದೇ ಪುಟ, ದೊಡ್ಡ ದೊಡ್ಡ ಅಂಕಿ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದ ಲೆಕ್ಕಕ್ಕೆ ಅಮ್ಮ ಈಗ ತಾಳೆ ನೋಡುತ್ತಾರಂತೆ.

ಪಾಲಕರು ಫೋನ್ ಮಾಡಿ ಕೇಳುವುದು ಒಂದೇ. ವೆಬ್ ಯಾಕೆ ಮೇಡಂ, ಆಂಡ್ರಾಯ್ಡ್ ಯಾವಾಗ? ಆಂಡ್ರಾಯ್ಡ್ ಕಲಿಸುತ್ತೇವೆ, ಎರಡನೇ ಸೆಮಿಸ್ಟರಿನಲ್ಲಿ. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಎಂಬ ತಂತ್ರಾಂಶಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನ್) ಜೊತೆ ಓಡಿಸಬೇಕಾದರೆ 16 ಜಿಬಿ. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಇರುವುದು 4. ಹಾಗಾಗಿ ಒಂದೆರಡು ಒಳ್ಳೆಯ ಯಂತ್ರಗಳ ಸುತ್ತ ಎಲ್ಲರೂ ಸೇರುತ್ತೇವೆ. ಎಮ್ಯುಲೇಟರ್ ಬಿಟ್ಟು ಮಕ್ಕಳ ಸ್ವಂತ ಫೋನನ್ನೇ ಕೇಬಲ್ ಹಾಕಿ ಜೋಡಿಸುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ‘ನೀವೀಗ ಡೆವಲಪರ್’ ಅಂತ ಬರುತ್ತದೆ. ಆ ಕ್ಷಣ ಎಲ್ಲರ ಮುಖದಲ್ಲೂ ಒಂದು ಕಳೆ! ವೆಬ್‌ಗೆ ಇದ್ಯಾವುದೂ ಬೇಡ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲೇ ಬರೆದು ಫೋನಿನಲ್ಲೇ ನೋಡಬಹುದು. ಗಿಟ್‌ಹಬ್ ಎಂಬ ತಾಣದಲ್ಲಿ ಹಾಕಿದರೆ ಖರ್ಚಿಲ್ಲದೆ ಒಂದು ಲಿಂಕ್ ಸಿಗುತ್ತದೆ, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅಜ್ಜನ ಕೈಗೆ ತಲುಪಿತು. ಅದಕ್ಕೇ ವೆಬ್ ಮೊದಲು.

ಕಾಲೇಜಿಗೆ ಹಣ ಬಂದಾಗ ಹೊಸ ಸ್ಮಾರ್ಟ್ ಬೋರ್ಡ್ ತರುವ ಬದಲು ಇದ್ದ ಕಂಪ್ಯೂಟರುಗಳಿಗೆ ರ‍್ಯಾಮ್ ಹಾಕಿಸಿ, ಒಂದು ಗಟ್ಟಿ ಯುಪಿಎಸ್ ಕೊಡಿಸಿ. ಲ್ಯಾಬನ್ನು ಕೊನೆಯ ಬಸ್ಸಿನ ಹೊತ್ತಿನ ತನಕ ತೆರೆದಿಡಿ. ಇದು ಆಡಳಿತದವರಿಗೆ. ಸಿಲೆಬಸ್ ಮಾಡುವವರು ಅಂಕದ ನಿಯಮವನ್ನು ಒಂದು ಸಾಲಿನಲ್ಲಿ ಬದಲಿಸಿದರೆ ಸಾಕು. ವಿದ್ಯಾರ್ಥಿ ಮಾಡಿದ್ದನ್ನು ಹೊರಗಿನ ಒಬ್ಬರು ಒಂದು ತಿಂಗಳು ಬಳಸಿರಬೇಕು, ಅವರು ಏನು ಕೇಳಿದರು, ಅದಕ್ಕೆ ಏನು ಬದಲಾಯಿಸಿದೆ ಎಂದು ಎರಡು ಪುಟ ಬರೆಯಬೇಕು. ಆ ಎರಡು ಪುಟವನ್ನು ಬೇಕಾದರೆ ಗೆರೆಹಾಳೆಯಲ್ಲೇ ಬರೆಸೋಣ.

ಓದುಗರ ಹತ್ತಿರವೂ ಒಂದು ಕೇಳಿಕೆ ಇದೆ. ಹುಡುಗ ಮಳೆ ಲೆಕ್ಕವನ್ನು ಈಗ ಆಂಡ್ರಾಯ್ಡ್ ಆ್ಯಪ್ ಮಾಡಿದ್ದಾನೆ. ಪ್ಲೇ ಸ್ಟೋರ್ ಖಾತೆಗೆ ಒಂದು ಸಲದ ಶುಲ್ಕ 25 ಡಾಲರ್, ಅದನ್ನು ತರಗತಿಯವರು ಸೇರಿ ಕಟ್ಟಿದ್ದಾಯಿತು. ಆದರೆ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು 12 ಜನರ ಕೈಯಲ್ಲಿ ಸತತ 14 ದಿನ ಪರೀಕ್ಷೆ ಮಾಡಿಸಬೇಕು ಎಂಬ ನಿಯಮ ಗೂಗಲ್‌ನದು. ನೆಂಟರಿಷ್ಟರು ಪ್ರೀತಿಯಿಂದ ಹಾಕಿಕೊಳ್ಳುತ್ತಾರೆ, ಜಾಗ ಇಲ್ಲ ಅಂತ ಸಂಜೆಗೆ ಅಳಿಸುತ್ತಾರೆ. ಮಳೆ ಅಳೆಯುವ ಅಭ್ಯಾಸ ಇರುವವರು, ಎರಡು ವಾರ ಅಳಿಸದೆ ಇಟ್ಟುಕೊಳ್ಳುವವರು ಯಾರಾದರೂ ಇದ್ದರೆ ಈ ಪತ್ರಿಕೆಯ ಕಚೇರಿಗೆ ತಿಳಿಸಿ. ಆಂಡ್ರಾಯ್ಡ್ ಫೋನ್ ಇರಬೇಕು. ಬೆಳಿಗ್ಗೆ ಐದಕ್ಕೆ ಏಳುವವರಾದರೆ ಇನ್ನೂ ಒಳ್ಳೆಯದು.

– ಅತಿಥಿ ಉಪನ್ಯಾಸಕಿ,
ಸೋಮವಾರಪೇಟೆ ತಾಲ್ಲೂಕು, ಕೊಡಗು