ಸ್ಕ್ಯಾನಿಂಗ್ ಒಂದೇ ಸಾಲದು, ರಕ್ತ ಪರೀಕ್ಷೆಯೂ ಬೇಕು

ಮಾನ್ಯ ಸಂಪಾದಕರೇ,

ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಪಿಸಿಓಎಸ್ ತೊಂದರೆ ಅಂದರೆ ಈಗ ನಮ್ಮ ಅಂಕೋಲಾ, ಕುಮಟಾ ಕಡೆ ಗೊತ್ತಿಲ್ಲದವರು ಕಡಿಮೆ. ಆದರೆ ಕಾಲೇಜು ಹುಡುಗಿಗೆ ಮುಟ್ಟು ತಡವಾದರೆ ಮೊದಲು ಮಾಡಿಸುವುದು ಸ್ಕ್ಯಾನಿಂಗ್. ಅಂಡಾಶಯದಲ್ಲಿ ನೀರುಗುಳ್ಳೆ ಇದೆ ಅಂತ ರಿಪೋರ್ಟ್ ಬಂದರೆ ಮನೆಯವರು ಅದನ್ನು ಗಡ್ಡೆ ಅಂದುಕೊಂಡು ಹೆದರುತ್ತಾರೆ. ಅದು ಗಡ್ಡೆಯಲ್ಲ, ಅಂಡಾಣು ಇರುವ, ಅರ್ಧಕ್ಕೇ ಬೆಳವಣಿಗೆ ನಿಂತ ಪುಟ್ಟ ಚೀಲಗಳು. ಚಿಕ್ಕ ವಯಸ್ಸಿನಲ್ಲಿ ಆರೋಗ್ಯವಾಗಿರುವ ಹುಡುಗಿಯರಲ್ಲೂ ಹಾಗೆ ಕಾಣಬಹುದು. ಅದಕ್ಕೇ ಮೈನೆರೆದು 8 ವರ್ಷ ಆಗುವವರೆಗೆ ಸ್ಕ್ಯಾನಿಂಗ್ ನೋಡಿ ಪಿಸಿಓಎಸ್ ಅಂತ ಹೇಳಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ನೋಡಬೇಕಾದದ್ದು ಹಾರ್ಮೋನ್. ಗಂಡಸರ ಹಾರ್ಮೋನ್ ಅನ್ನುವ ಟೆಸ್ಟೊಸ್ಟೆರಾನ್ ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ, ಪಿಸಿಓಎಸ್ ಇದ್ದವರಲ್ಲಿ ಹೆಚ್ಚಾಗಿ ಅದು ಜಾಸ್ತಿ. ಇದಕ್ಕೆ ಒಂದು ದೊಡ್ಡ ಕಾರಣ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್. ಮೈ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದರೆ ಅದು ಇನ್ನೂ ಜಾಸ್ತಿ ಉತ್ಪತ್ತಿಯಾಗುತ್ತದೆ, ಆ ಹೆಚ್ಚಿನ ಇನ್ಸುಲಿನ್ ಅಂಡಾಶಯದಿಂದ ಟೆಸ್ಟೊಸ್ಟೆರಾನ್ ಹೆಚ್ಚು ಹೊರಡಿಸುತ್ತದೆ, ಜೊತೆಗೆ ಅದನ್ನು ರಕ್ತದಲ್ಲಿ ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಲಿವರ್ ಕಡಿಮೆ ಮಾಡುತ್ತದೆ. ಹಾಗಾಗಿ ಒಟ್ಟು ಟೆಸ್ಟೊಸ್ಟೆರಾನ್ ನಾರ್ಮಲ್ ಇದ್ದರೂ ಬಿಡಿಯಾಗಿ ಓಡಾಡುವ ಅಂಶ ಜಾಸ್ತಿ ಇರಬಹುದು. ಗಲ್ಲದ ಮೇಲೆ ಕೂದಲು, ಮೊಡವೆ ಬರುವುದು ಅದರಿಂದಲೇ.

ಕುತ್ತಿಗೆ ಹಿಂದೆ ಕಪ್ಪು ಪಟ್ಟಿ ಬಂದ ಹುಡುಗಿಯರನ್ನು ನೋಡಿ. ಸರಿಯಾಗಿ ಮೈ ತಿಕ್ಕಿಕೊಳ್ಳಲ್ಲ ಅಂತ ಬೈಯ್ದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿಸುತ್ತಾರೆ. ಪಾಪ, ಅದು ಕೊಳೆಯಲ್ಲ, ಹೆಚ್ಚಿನವರಲ್ಲಿ ಇನ್ಸುಲಿನ್ ತೊಂದರೆಯ ಗುರುತು. ಅಂಥವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ನಂತರ ಮಾಡುವ ಸಕ್ಕರೆ ಪರೀಕ್ಷೆ ಆಗಲೇಬೇಕು. ಥೈರಾಯ್ಡ್, ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಕೂಡ ನೋಡಬೇಕು, ಅವು ಏರುಪೇರಾದರೂ ಮುಟ್ಟು ತಪ್ಪುತ್ತದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಟೆಸ್ಟೊಸ್ಟೆರಾನ್ ಲೆಕ್ಕ ಸರಿಯಾಗಿ ಸಿಗಲ್ಲ, ಡಾಕ್ಟರಿಗೆ ಮೊದಲೇ ಹೇಳಿ.

"ಮದುವೆ ಆದ್ಮೇಲೆ ಎಲ್ಲ ಸರಿಹೋಗ್ತದೆ" ಅನ್ನುವ ಮಾತು ದಯವಿಟ್ಟು ಬಿಡಿ. ಪಿಸಿಓಎಸ್ ಜೊತೆ ಬರುವ ಸಕ್ಕರೆ ಕಾಯಿಲೆಯ ಅಪಾಯ ಮದುವೆಯಿಂದ ಹೋಗುವುದಿಲ್ಲ.

ಇಷ್ಟು ಪರೀಕ್ಷೆಗೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ, ಇಲ್ಲ ಮಣಿಪಾಲಕ್ಕೋ ಹೋಗುವ ಪರಿಸ್ಥಿತಿ ಯಾಕೆ ಇರಬೇಕು? ಎಲ್ಲ ತಾಲೂಕು ಆಸ್ಪತ್ರೆಗಳಲ್ಲೂ ರಕ್ತ ತೆಗೆದು ಕಾರವಾರಕ್ಕೆ ಕಳಿಸಿ, ರಿಪೋರ್ಟ್ ಊರಲ್ಲೇ ಸಿಗುವ ಹಾಗೆ ಆರೋಗ್ಯ ಇಲಾಖೆ ಮಾಡಲಿ. ಬಸ್ ಚಾರ್ಜಿಗೂ ಯೋಚಿಸುವ ಮನೆಗಳ ಹುಡುಗಿಯರಿಗೆ ಇದು ಮೊದಲು ಬೇಕು.

– ಒಬ್ಬ ತಾಯಿ, ಅಂಕೋಲಾ