ಅಡಿಟಿಪ್ಪಣಿಯಲ್ಲಿ ಸಿಕ್ಕ ರಷ್ಯಾ: ಯುವ ಬರಹಗಾರರಿಗೊಂದು ಪತ್ರ

ಆತ್ಮೀಯರೇ,

ನೀವು ಕಳುಹಿಸಿದ ಲೇಖನವನ್ನೂ ಅದರ ಜೊತೆಗಿದ್ದ ಪುಸ್ತಕಗಳ ಪಟ್ಟಿಯನ್ನೂ ಎರಡು ಸಲ ಓದಿದೆ. ರಷ್ಯಾದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕೆಂಬ ನಿಮ್ಮ ಹಂಬಲ ನನಗೆ ಹಿಡಿಸಿತು. ಆದರೆ ನಿಮ್ಮಲ್ಲಿ ಪ್ರತಿಯೊಂದು ಪುಸ್ತಕವೂ ಬರೀ ಒಂದು ಅಭಿಪ್ರಾಯವಾಗಿ ಬಂದಿದೆ. ಅದನ್ನು ಯಾರು, ಯಾವ ಕಾಗದಗಳನ್ನು ಮುಂದಿಟ್ಟುಕೊಂಡು, ಯಾರ ಭಯದಲ್ಲಿ ಬರೆದರು ಎಂಬುದು ಎಲ್ಲಿಯೂ ಕಾಣುವುದಿಲ್ಲ. ಆ ಸಂಗತಿಗಳು ಸಾಮಾನ್ಯವಾಗಿ ನಾವು ಹಾರಿಸಿಬಿಡುವ ಪುಟಗಳಲ್ಲಿ, ಎಂದರೆ ಮುನ್ನುಡಿ, ಅಡಿಟಿಪ್ಪಣಿ, ಅನುಬಂಧಗಳಲ್ಲಿ ಇರುತ್ತವೆ. ನೀವು ಅಲ್ಲಿಂದಲೇ ಓದಲು ತೊಡಗಬೇಕೆಂದು ನನ್ನ ಆಸೆ.

ಕರಮ್ಜಿನ್‌ನನ್ನು ನೀವು ‘ಅರಮನೆಯ ಇತಿಹಾಸಕಾರ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ರಷ್ಯಾದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರ್ 1803ರಲ್ಲಿ ಅವನನ್ನು ಆ ಹುದ್ದೆಗೆ ನೇಮಿಸಿದ್ದೂ ನಿಜ, ಅವನು ನಿರಂಕುಶ ಅರಸೊತ್ತಿಗೆಯ ಪರವಾಗಿದ್ದುದೂ ನಿಜ. ಆದರೂ ‘ರಷ್ಯನ್ ರಾಜ್ಯದ ಇತಿಹಾಸ’ದ ಒಂಬತ್ತನೆಯ ಸಂಪುಟದಲ್ಲಿ ಅವನು ಹದಿನಾರನೆಯ ಶತಮಾನದ ದೊರೆ ನಾಲ್ಕನೆಯ ಇವಾನನ ಕ್ರೌರ್ಯವನ್ನು ಎಷ್ಟು ನಿಷ್ಠುರವಾಗಿ ಬರೆದನೆಂದರೆ, ಮುಂದೆ ಅರಸನ ವಿರುದ್ಧವೇ ದಂಗೆಯೆದ್ದ ಕವಿ ರಿಲೇಯೆವ್ ಕೂಡ 1821ರಲ್ಲಿ ಅದನ್ನು ಓದಿ ತಲೆದೂಗಿದ. 1818ರಲ್ಲಿ ಮೊದಲ ಎಂಟು ಸಂಪುಟಗಳ 3,000 ಪ್ರತಿಗಳು ತಿಂಗಳೊಳಗೆ ಖರ್ಚಾಗಿದ್ದವು. ಇಷ್ಟಾದರೂ ಇಂದು ನನಗೆ ಆ ಕಥನಕ್ಕಿಂತ ಅದರ ಟಿಪ್ಪಣಿಗಳೇ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. 1812ರ ಮಾಸ್ಕೋ ಬೆಂಕಿಯಲ್ಲಿ ಅವನ ಸ್ವಂತ ಗ್ರಂಥಭಂಡಾರ ಸುಟ್ಟುಹೋಯಿತು. ತ್ರಿನಿಟಿ ವೃತ್ತಾಂತವೆಂಬ ಹಳೆಯ ಹಸ್ತಪ್ರತಿಯೂ ಬೂದಿಯಾಯಿತು. ಅದಕ್ಕೂ ಮೊದಲೇ ಅವನು ಅದರಿಂದ ಸಾಲುಸಾಲಾಗಿ ಬರೆದಿಟ್ಟುಕೊಂಡಿದ್ದ ಭಾಗಗಳು ಟಿಪ್ಪಣಿಗಳಲ್ಲಿ ಸೇರಿದ್ದರಿಂದ ಆ ವೃತ್ತಾಂತದ ಒಂದಷ್ಟು ಪಾಲಾದರೂ ನಮಗೆ ಉಳಿದಿದೆ.

ಕನ್ನಡಿಗರಾದ ನಮಗೆ ಬೇಕಾದದ್ದೂ ಅಲ್ಲಿಯೇ ಇದೆ. ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್‌ನ ‘ಮೂರು ಸಮುದ್ರಗಳಾಚೆಯ ಪಯಣ’ವನ್ನು ಒಂದು ಮಠದ ಗ್ರಂಥಭಂಡಾರದಲ್ಲಿ ಪತ್ತೆಹಚ್ಚಿ, ಆರನೆಯ ಸಂಪುಟದ ಟಿಪ್ಪಣಿಯಲ್ಲಿ ಅದರ ತುಣುಕುಗಳನ್ನು ಮೊದಲು ಅಚ್ಚಿಗೆ ತಂದವನು ಕರಮ್ಜಿನ್. ನಿಕಿತಿನ್ 1470ರ ಆಸುಪಾಸಿನಲ್ಲಿ ಕುದುರೆ ಮಾರಲು ನಮ್ಮ ಬೀದರಿಗೆ ಬಂದಿದ್ದ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳೆಂದೂ, ಪ್ರತಿ ಬಾಗಿಲಲ್ಲಿ ನೂರು ಕಾವಲುಗಾರರೂ ನೂರು ಮಂದಿ ಕರಣಿಕರೂ ಕುಳಿತು, ಒಳಗೆ ಹೋದವರನ್ನು ಕೆಲವರು, ಹೊರಗೆ ಬಂದವರನ್ನು ಕೆಲವರು ಬರೆದುಕೊಳ್ಳುತ್ತಾರೆಂದೂ ಅವನು ದಾಖಲಿಸಿದ್ದಾನೆ. ದಾರಿಯಲ್ಲಿ ದರೋಡೆಯಾಗಿ ಧರ್ಮಗ್ರಂಥಗಳನ್ನು ಕಳೆದುಕೊಂಡದ್ದರಿಂದ ತನ್ನ ಹಬ್ಬಗಳ ಲೆಕ್ಕವೇ ತಪ್ಪಿತೆಂದು ಅವನು ಪರಿತಪಿಸುತ್ತಾನೆ. ರಷ್ಯಾದಂಥ ನಾಡು ಇನ್ನೊಂದಿಲ್ಲ, ಆದರೆ ಅಲ್ಲಿಯ ದೊರೆಗಳಲ್ಲಿ ನ್ಯಾಯವಿಲ್ಲ ಎಂಬ ಮಾತು ಬಂದಾಗ ಅವನು ರಷ್ಯನ್ ಬಿಟ್ಟು ತುರ್ಕಿ ನುಡಿಗೆ ಹೊರಳುತ್ತಾನೆ. ಊರು ಸೇರುವ ಮೊದಲೇ, ಸ್ಮೊಲೆನ್ಸ್ಕ್ ತಲುಪುವ ಮುನ್ನ ಅವನು ತೀರಿಕೊಂಡ. ಅವನ ಕೈಬರಹದ ಹೊತ್ತಗೆಗಳನ್ನು ಮಾಸ್ಕೋಗೆ ಮುಟ್ಟಿಸಿದವರು ವ್ಯಾಪಾರಿಗಳೇ. ನಿಮ್ಮ ಪಟ್ಟಿಯಲ್ಲಿ ಅವನ ಹೆಸರಿಲ್ಲದಿರುವುದು ನನಗೆ ಸ್ವಲ್ಪ ಬೇಸರವನ್ನೇ ತಂದಿತು.

1917ರ ರಷ್ಯನ್ ಕ್ರಾಂತಿಯನ್ನು ಕಣ್ಣಾರೆ ಕಂಡ ಅಮೆರಿಕನ್ ಪತ್ರಕರ್ತ ಜಾನ್ ರೀಡ್‌ನ ‘ಜಗತ್ತನ್ನು ನಡುಗಿಸಿದ ಹತ್ತು ದಿನಗಳು’ ಪುಸ್ತಕದ ಬಗ್ಗೆ ನೀವು ಬರೆದುದಕ್ಕೆ ಹೆಚ್ಚೇನೂ ಸೇರಿಸಲಾರೆ. ನಮ್ಮ ಯೌವನದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಗಟ್ಟಿ ರಟ್ಟಿನ ಪುಸ್ತಕಗಳು ಪುಡಿಗಾಸಿಗೆ ಸಿಗುತ್ತಿದ್ದವು. ಅವುಗಳಲ್ಲಿ, ಕ್ರಾಂತಿಯ ಮುಂದಾಳಾಗಿದ್ದು ಆಮೇಲೆ ಸ್ಟಾಲಿನ್ ಗಡೀಪಾರು ಮಾಡಿದ ಟ್ರಾಟ್ಸ್ಕಿ ಬಂದರೆ ದ್ರೋಹಿಯಾಗಿಯೇ ಬರುತ್ತಿದ್ದ. ಅವನ್ನೇ ಓದಿ ಬೆಳೆದ ನಾನು ರೀಡ್‌ನ ಪುಟಪುಟದಲ್ಲೂ ಟ್ರಾಟ್ಸ್ಕಿಯನ್ನು ಕಂಡು, ಸ್ಟಾಲಿನ್‌ನನ್ನು ಹುಡುಕಬೇಕಾಗಿ ಬಂದು, ಬೆರಗಾಗಿದ್ದೆ. ಲೆನಿನ್‌ನ ಮುನ್ನುಡಿಯಿದ್ದೂ ಆ ಪುಸ್ತಕ ಸ್ಟಾಲಿನ್ ಕಾಲದಲ್ಲಿ ಮರೆಗೆ ಸರಿದದ್ದೇಕೆಂದು ಆಗ ತಿಳಿಯಿತು. ಗೋಡೆಗಳ ಮೇಲಿನ ಆಜ್ಞೆ, ಕರಪತ್ರಗಳನ್ನು ರೀಡ್ ಅನುಬಂಧದಲ್ಲಿ ಕೊಟ್ಟಿದ್ದಾನೆ. ಅದನ್ನು ಓದದೆ ಅವನ ವರದಿಯನ್ನು ತೂಗಬೇಡಿ.

ಸೋಲ್ಜೆನಿತ್ಸಿನ್‌ರ ಸೋವಿಯತ್ ಸೆರೆಶಿಬಿರಗಳ ಕಥನವಾದ ‘ಗುಲಾಗ್ ದ್ವೀಪಸಮೂಹ’ದಲ್ಲಿ ಪುನರುಕ್ತಿ ಹೆಚ್ಚು, ಕಟ್ಟಡ ಸಡಿಲ ಎಂದು ನೀವು ದೂರಿದ್ದೀರಿ. ಅದರ ಕಾರಣವನ್ನು ಅವರೇ ಕೊನೆಯಲ್ಲಿ ಕೊಟ್ಟಿದ್ದಾರೆ: ಪೊಲೀಸರ ಕಣ್ಣು ತಪ್ಪಿಸಿ ಭಾಗಭಾಗವಾಗಿ ಬಚ್ಚಿಡಬೇಕಾಗಿದ್ದುದರಿಂದ ಇಡೀ ಪುಸ್ತಕ ಒಂದು ಸಲವೂ ಒಂದೇ ಮೇಜಿನ ಮೇಲೆ ಒಟ್ಟಿಗೆ ಇರಲಿಲ್ಲ. ಅದರ ಒಂದು ಪ್ರತಿಯನ್ನು ಬಚ್ಚಿಟ್ಟಿದ್ದ ಲೆನಿನ್‌ಗ್ರಾಡ್‌ನ ಬೆರಳಚ್ಚುಗಾರ್ತಿಯನ್ನು ಸೋವಿಯತ್ ಗುಪ್ತ ಪೊಲೀಸ್ ಸಂಸ್ಥೆ ಕೆಜಿಬಿ 1973ರಲ್ಲಿ ವಿಚಾರಣೆಗೆ ಗುರಿಪಡಿಸಿತು; ಆಕೆ ಸ್ವಲ್ಪ ದಿನಗಳಲ್ಲಿ ಶವವಾಗಿ ಸಿಕ್ಕಳು. ಆ ವರ್ಷದ ಡಿಸೆಂಬರಿನಲ್ಲಿ ಪುಸ್ತಕ ಪ್ಯಾರಿಸ್ಸಿನಿಂದ ಹೊರಬಂತು. ಇದನ್ನು ತಿಳಿದ ಮೇಲೂ ನಿಮ್ಮ ದೂರು ಉಳಿಯಬಹುದು, ಉಳಿದರೆ ಬರೆಯಿರಿ; ಆದರೆ ಕಾರಣವನ್ನೂ ಅದರ ಪಕ್ಕದಲ್ಲೇ ಇಡಿ.

ಮುಂದಿನ ಕರಡನ್ನು ಟಿಪ್ಪಣಿಗಳ ಸಮೇತ ಕಳುಹಿಸಿ. 1377ರಲ್ಲಿ ರಷ್ಯಾದ ಅತಿ ಹಳೆಯ ವೃತ್ತಾಂತವನ್ನು ಪ್ರತಿಮಾಡಿದ ಲವ್ರೆಂತಿ ಎಂಬ ಸನ್ಯಾಸಿ, ತಪ್ಪಿದ್ದರೆ ತಿದ್ದಿ ಓದಿ, ಶಪಿಸಬೇಡಿ, ಮೂಲಗ್ರಂಥ ಹಳೆಯದು, ನನ್ನ ಬುದ್ಧಿ ಎಳೆಯದು ಎಂದು ಕೊನೆಯಲ್ಲಿ ಬೇಡಿಕೊಂಡಿದ್ದಾನೆ. ಓಲೆಗರಿಗಳ ಕೊನೆಯಲ್ಲಿ ನಮ್ಮ ಲಿಪಿಕಾರರು ಕೇಳುವ ಕ್ಷಮೆಯೂ ಇಂಥದ್ದೇ. ನನ್ನ ವಿಷಯದಲ್ಲಿ ಗ್ರಂಥಗಳ ಜೊತೆಗೆ ಬುದ್ಧಿಯೂ ಹಳತಾಗಿರುವುದರಿಂದ, ಈ ಪತ್ರವನ್ನೂ ತಿದ್ದಿಕೊಂಡೇ ಓದಿ.

ಇಂತಿ,
ನಿಮ್ಮ ಹಿರಿಯ ಮಿತ್ರ