ಲೇಖನ ಯೂನಿಕೋಡ್‌ನಲ್ಲೇ ಕೊಡಿ

ಮಾನ್ಯ ಸಂಪಾದಕರೇ,

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ತಲೆಬರಹವೇ ಇಂಗ್ಲಿಷ್ ಅಕ್ಷರಗಳ ಕಸವಾಗಿ ಅಚ್ಚಾಗಿದೆ, ಡಿಟಿಪಿಯವರಿಗೆ (ಕಂಪ್ಯೂಟರಿನಲ್ಲಿ ಪುಟ ಕಟ್ಟುವವರಿಗೆ) ಕನ್ನಡವೇ ಬರುವುದಿಲ್ಲ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬೇಸರಪಟ್ಟಿದ್ದರು. ಆ ಸಂಚಿಕೆ ನನ್ನ ಕೈಯಿಂದ ಹೋದದ್ದಲ್ಲ. ಆದರೂ ಗದಗದಲ್ಲಿ 19 ವರ್ಷದಿಂದ ಇದೇ ಕೆಲಸ ಮಾಡಿಕೊಂಡಿರುವ ನನಗೆ ಸುಮ್ನೆ ಇರಲಾಗಲಿಲ್ಲ.

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ಒಳಗೆ ಕೂರುವುದು ಬೇರೆಯೇ. ‘ಕ’ಕ್ಕೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ. ‘ನ’ಕ್ಕೆ ಬ್ರಿಟಿಷರ ಪೌಂಡ್ ಗುರುತು! ಫಾಂಟು ಅದಕ್ಕೆಲ್ಲ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಇಂಗ್ಲಿಷ್ ಪುಟದಲ್ಲಿ ಫಾಂಟ್ ತಪ್ಪಿದರೆ ಚಂದ ಕೆಡುತ್ತದೆ, ಓದಲು ಅಡ್ಡಿಯಿಲ್ಲ. ಇಲ್ಲಿ ಅಕ್ಷರವೇ ಹೋಗುತ್ತದೆ. ಯೂನಿಕೋಡ್‌ನಲ್ಲಾದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ, ಒಂದು ಯೂನಿಕೋಡ್ ಫಾಂಟ್ ಹೋಗಿ ಇನ್ನೊಂದು ಬಂದರೂ ಕನ್ನಡ ಕನ್ನಡವಾಗೇ ಉಳಿಯುತ್ತದೆ.

ಹೋದ ವರ್ಷ ನನಗೂ ಅಂಥದೊಂದು ಸಂಚಿಕೆ ಬಂದಿತ್ತು. 96 ಪುಟ, ಮೂವತ್ತಕ್ಕೂ ಜಾಸ್ತಿ ಲೇಖಕರು. ಒಬ್ಬರದು ನುಡಿ, ಒಬ್ಬರದು ಅಂಥದೇ ‘ಬರಹ’ ತಂತ್ರಾಂಶ, ಇನ್ನೊಬ್ಬರದು ಶ್ರೀಲಿಪಿ, ಉಳಿದವರದು ವಾಟ್ಸ್‌ಆ್ಯಪ್. ಎಲ್ಲವನ್ನೂ ಯೂನಿಕೋಡ್‌ಗೆ ತಿರುಗಿಸಿ, ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಪುಟ ಕಟ್ಟಿ, ರಾತ್ರಿ ಹತ್ತಕ್ಕೆ ಪ್ರೆಸ್ಸಿಗೆ ಕಳಿಸಿದೆ. ಹನ್ನೊಂದಕ್ಕೆ ಫೋನು. ‘ಅಕ್ಕಾರ, ಬಿಆರ್‌ಎಚ್ ಕನ್ನಡ ಫಾಂಟ್ ಇಲ್ಲ ಅಂತ ತೋರಸಾಕತ್ತೈತ್ರಿ. ಪ್ಲೇಟ್ ಹಾಕ್ಲೋ ಬ್ಯಾಡೋ?’

ಬಿಆರ್‌ಎಚ್ ಅಂದರೆ ‘ಬರಹ’ದ ಹಳೇ ಫಾಂಟು. ಪುಟಗಳಲ್ಲಿರುವ ಫಾಂಟುಗಳ ಪಟ್ಟಿ ತೋರಿಸುವ ‘ಫೈಂಡ್ ಫಾಂಟ್’ ತೆರೆದೆ. ಪಟ್ಟಿಯಲ್ಲಿ ಆ ಹೆಸರು ಇದ್ದೇ ಇತ್ತು. ಹುಡುಕಲು ಒತ್ತಿದರೆ 61ನೇ ಪುಟಕ್ಕೆ ಹೋಗಿ ನಿಂತಿತು. ಅಲ್ಲಿ ನೋಡಿದರೆ ಏನೂ ಇಲ್ಲ. ಒಂದು ಪೂರ್ಣವಿರಾಮ, ಆಮೇಲೆ ಬರೀ ಬಿಳಿ. ಹಿಡನ್ ಕ್ಯಾರೆಕ್ಟರ್ಸ್ ಆನ್ ಮಾಡಿದ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಯೊಂದು ಕಂಡಿತು. ಲೇಖಕರು ಮಾತು ಮುಗಿಸಿದ ಮೇಲೂ ಒತ್ತಿದ್ದ ಒಂದು ಸ್ಪೇಸು! ಅದೊಂದೇ ಹಳೇ ಫಾಂಟಿನಲ್ಲಿ ಉಳಿದುಕೊಂಡಿತ್ತು. ಅಳಿಸಿದೆ.

ಇನ್ನೊಂದು ಫಾಂಟು ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದು ಬಟ್ಟೆ ಅಂಗಡಿಯ ಜಾಹೀರಾತಿನ ಒಳಗಿತ್ತು. ಹೊರಗಿನಿಂದ ತಂದಿಟ್ಟ ಇಪಿಎಸ್ ಎಂಬ ಚಿತ್ರದ ಫೈಲಿನೊಳಗಿನ ಫಾಂಟನ್ನು ಇನ್‌ಡಿಸೈನ್‌ನಲ್ಲಿ ಬದಲಿಸಲು ಬರುವುದಿಲ್ಲ. ಜಾಹೀರಾತು ಮಾಡಿದ ಹುಡುಗನನ್ನು ಎಬ್ಬಿಸಿ, ಚಿತ್ರ ಬಿಡಿಸುವ ತಂತ್ರಾಂಶ ಕೋರೆಲ್‌ನಲ್ಲಿ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಬರೀ ಆಕಾರ) ಮಾಡಿಸಿ, ಮತ್ತೆ ತರಿಸಿಕೊಳ್ಳುವಷ್ಟರಲ್ಲಿ ಒಂದು ಗಂಟೆ.

ಇಂಥ ಹೊತ್ತಿನಲ್ಲಿ ಹಳೇ ಫಾಂಟನ್ನು ಒಂದೇ ಏಟಿಗೆ ಎಲ್ಲ ಕಡೆ ಬದಲಿಸುವ ‘ಚೇಂಜ್ ಆಲ್’ ಒತ್ತಿ ಮಲಗೋಣ ಅನಿಸುತ್ತದೆ. ಆ ತಲೆಬರಹ ಕೆಟ್ಟದ್ದೂ ಹೀಗೇ ಅಂತ ನನ್ನ ಗುಮಾನಿ. ಸಿಕ್ಕಿದ್ದು ಬರೀ ಸ್ಪೇಸಾದರೆ ಏನೂ ಆಗಲ್ಲ. ತಿರುಗಿಸದ ನುಡಿ ಅಕ್ಷರಗಳಾದರೆ ಯೂನಿಕೋಡ್ ಫಾಂಟ್ ಹಾಕಿದ ತಕ್ಷಣ ಪಿ, ಪೌಂಡು ಎಲ್ಲ ಹೊರಗೆ ಬರುತ್ತವೆ. ಮೊದಲು ಕನ್ವರ್ಟ್, ಆಮೇಲೆ ಫಾಂಟ್. ಕನ್ವರ್ಟರ್ ಅನ್ನೂ ಪೂರ್ತಿ ನಂಬುವ ಹಾಗಿಲ್ಲ ಅನ್ನಿ. ನಡುವೆ ಇ-ಮೇಲ್ ವಿಳಾಸ ಬಂದರೆ ಅದನ್ನೂ ಕನ್ನಡ ಅಂದುಕೊಂಡು ಬಾಯಿಗೆ ಬಾರದ ಒತ್ತಕ್ಷರ ಮಾಡಿಡುತ್ತದೆ.

ಲೇಖನ ಬರೆಯುವವರು ದಯವಿಟ್ಟು ಯೂನಿಕೋಡ್‌ನಲ್ಲಿ ಕೊಡಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯ ಇದೆ, ಬೆರಳಿನ ಅಭ್ಯಾಸ ಬದಲಿಸಬೇಕಾಗಿಲ್ಲ. ಹಳೇ ಫಾಂಟೇ ಬೇಕು ಅನ್ನುವವರು ಅದರ ಹೆಸರು ಬರೆದು, ಜೊತೆಗೊಂದು ಪಿಡಿಎಫ್ ಇಡಿ. ಸಾಲು ಸಾಲು ಹೋಲಿಸಿ ನೋಡಲು ಬೇಕಾಗುತ್ತದೆ. ಸಂಚಿಕೆ ಮಾಡಿಸುವ ಸಮಿತಿಯವರು ಪ್ರೂಫಿಗೆ ಎರಡು ದಿನವಾದರೂ ಬಿಡಿ. ಅತಿಥಿಗಳ ಸಂದೇಶ ಸಮಾರಂಭದ ಹಿಂದಿನ ರಾತ್ರಿಯೇ ಬರಬೇಕಾ? ನಿಮ್ಮ ಪತ್ರಿಕೆಯೂ ಬರಹ ಕಳಿಸುವ ವಿಳಾಸದ ಕೆಳಗೆ ‘ಯೂನಿಕೋಡ್‌ನಲ್ಲಿರಲಿ’ ಎಂದು ಒಂದು ಸಾಲು ಹಾಕಿದರೆ ಒಳ್ಳೆಯದಿತ್ತು.

ಬೇಸರಪಟ್ಟ ಓದುಗರು ಆ ಸಂಚಿಕೆ ಇಟ್ಟುಕೊಂಡಿದ್ದರೆ ತಲೆಬರಹದ ಫೋಟೊ ಪತ್ರಿಕೆಗೆ ಕಳಿಸಲಿ, ಏನಿತ್ತೆಂದು ಓದಿ ಹೇಳುತ್ತೇನೆ. ಇಷ್ಟು ವರ್ಷ ನೋಡಿ ನೋಡಿ ಆ ಪಿ, ಪೌಂಡುಗಳೂ ನನಗೆ ಕನ್ನಡದ ಹಾಗೇ ಓದಲು ಬರುತ್ತವೆ.

– ಡಿಟಿಪಿ ಕೆಲಸದವಳು, ಗದಗ